ಶಾಲೆಯ ಗೋಡೆಗೆ ಒಂದು ಫಲಕ: 1779ರ ಮಕ್ಕಳ ಬೆನ್ನು ಹತ್ತಿದ ಅನುಭವ

ನಮ್ಮ ಹಟ್ಟಿಯ ಸರ್ಕಾರಿ ಶಾಲೆಯ ಗೋಡೆಗೆ ಕೊನೆಗೂ ಫಲಕ ಬಂತು. ಕಪ್ಪು ಕಲ್ಲು, ಬಿಳಿ ಅಕ್ಷರ, ಏಳೆಂಟು ಸಾಲು. 1779ರಲ್ಲಿ ಚಿತ್ರದುರ್ಗದ ಕೋಟೆ ಬಿದ್ದ ಮೇಲೆ ಈ ಸೀಮೆಯಿಂದ ಶ್ರೀರಂಗಪಟ್ಟಣಕ್ಕೆ ಎತ್ತಿ ಸಾಗಿಸಿದ ಬೇಡರ ಬಗ್ಗೆ, ಅದರಲ್ಲೂ ಅವರ ಗಂಡುಮಕ್ಕಳ ಬಗ್ಗೆ ಅದರಲ್ಲಿ ಬರೆದಿದೆ. ಅಷ್ಟನ್ನು ಬರೆಸುವುದರೊಳಗೆ ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿತ್ತು. ಯಾವ ಕಚೇರಿಗೆ ಹೋಗಬೇಕು, ಯಾವುದಕ್ಕೆ ಹೋಗುವುದು ಬಸ್ ಚಾರ್ಜಿಗೂ ದಂಡ, ಯಾವ ಪುಸ್ತಕ ಪುಕ್ಕಟೆ ಸಿಗುತ್ತದೆ, ಯಾರ ಮಾತಿಗೆ ಏನು ಉತ್ತರ ಕೊಡಬೇಕು ಎಂಬುದೆಲ್ಲ ಓಡಾಡಿ ತಿಳಿದದ್ದು. ಮೊಳಕಾಲ್ಮೂರು, ಜಗಳೂರು ಕಡೆಯ ಕೆಲವರು ತಮ್ಮ ಊರಲ್ಲಿಯೂ ಇಂಥದ್ದು ಮಾಡಬೇಕೆಂದು ವಿಚಾರಿಸುತ್ತಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ವಾಸಿ ಎನ್ನಿಸಿತು.

ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತವರು ಚಳ್ಳಕೆರೆ ತಾಲ್ಲೂಕಿನಲ್ಲಿ, ಬೇಡರಲ್ಲೇ ಒಂದು ಪಂಗಡವಾದ ಮ್ಯಾಸನಾಯಕರ ಹಟ್ಟಿ. ನಮ್ಮ ಅಜ್ಜಿ ಹಿರಿಯರ ಹಬ್ಬದಲ್ಲಿ ಒಬ್ಬೊಬ್ಬರ ಹೆಸರು ಹೇಳಿ ಎಡೆ ಇಟ್ಟು, ಕೊನೆಗೆ ಹೆಸರು ಹೇಳದೆ ಇನ್ನೊಂದು ಎಡೆ ಇಡುತ್ತಿದ್ದಳು. ಯಾರಿಗೆ ಎಂದು ಕೇಳಿದರೆ "ಪಟ್ಟಣಕ್ಕೆ ಹೋದ ಹುಡುಗರಿಗೆ" ಎನ್ನುತ್ತಿದ್ದಳು. ದುಡಿಯಲು ಬೆಂಗಳೂರು ಸೇರಿ ಊರನ್ನು ಮರೆತ ಯಾರೋ ಇರಬೇಕು ಎಂದುಕೊಂಡು ನಾವು ಹೋಳಿಗೆಯ ಕಡೆ ಗಮನ ಕೊಡುತ್ತಿದ್ದೆವು. ಆ ಪಟ್ಟಣ ಶ್ರೀರಂಗಪಟ್ಟಣ ಎಂದು ನನಗೆ ಗೊತ್ತಾದದ್ದು ಬಿ.ಎಡ್. ಮುಗಿದ ಎಷ್ಟೋ ವರ್ಷಕ್ಕೆ, ಜಿಲ್ಲಾ ಗೆಜೆಟಿಯರ್ ಓದುವಾಗ.

ಇಷ್ಟು ಗೊತ್ತಿದ್ದೂ ಸುಮ್ಮನಿದ್ದೆ. ಕೈ ಹಾಕಿಸಿದ್ದು ಉಕ್ರೇನಿನ ಸುದ್ದಿ. 2023ರ ಮಾರ್ಚ್ 17ರಂದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ರಷ್ಯಾದ ಅಧ್ಯಕ್ಷ ಪುಟಿನ್ ಮತ್ತು ಅಲ್ಲಿನ ಮಕ್ಕಳ ಹಕ್ಕುಗಳ ಆಯುಕ್ತೆ ಮರಿಯಾ ಲ್ವೋವಾ-ಬೆಲೋವಾ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಆರೋಪ ಒಂದೇ: ಆಕ್ರಮಿಸಿಕೊಂಡ ಪ್ರದೇಶದಿಂದ ಮಕ್ಕಳನ್ನು ಕಾನೂನುಬಾಹಿರವಾಗಿ ಸಾಗಿಸಿದ್ದು. ಆ ಆಯುಕ್ತೆ ಸ್ವತಃ ಮಾರಿಯುಪೋಲ್‌ನ ಹದಿಹರೆಯದ ಹುಡುಗನೊಬ್ಬನನ್ನು ಮನೆಗೆ ಕರೆದುಕೊಂಡಿದ್ದರು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಿರಲಿಲ್ಲ. ಉಕ್ರೇನಿನ ಅನಾಥ ಮಕ್ಕಳಿಗೆ ರಷ್ಯಾದ ಪೌರತ್ವ ಸುಲಭವಾಗಿ ಸಿಗಲೆಂದು 2022ರ ಮೇ ತಿಂಗಳಲ್ಲಿಯೇ ಆದೇಶ ಬಂದಿತ್ತು. ಹಾರ್ಕಿವ್‌ನಿಂದ ಓದು ಅರ್ಧಕ್ಕೆ ಬಿಟ್ಟು ಬಂದ ನಮ್ಮ ಕಡೆಯ ಮೆಡಿಕಲ್ ವಿದ್ಯಾರ್ಥಿಗಳ ದೆಸೆಯಿಂದ ನನ್ನ ತರಗತಿಯ ಮಕ್ಕಳಿಗೆ ಉಕ್ರೇನ್ ಹೊಸ ಹೆಸರೇನೂ ಆಗಿರಲಿಲ್ಲ. ಸುದ್ದಿಯನ್ನು ಅವರಿಗೆ ಓದಿ ಹೇಳುತ್ತಿದ್ದಾಗ ನನಗೆ ಆ ಹೆಸರಿಲ್ಲದ ಎಡೆ ನೆನಪಾಯಿತು.

ನನ್ನ ತಮ್ಮ ಊರಲ್ಲೇ ಇದ್ದಾನೆ, ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯ. ಅವನಿಂದ ಅರ್ಜಿ ಕೊಡಿಸಿದೆ. ಪಂಚಾಯಿತಿಯ ಪಿಡಿಒ ಓದಿ, ಕನ್ನಡಕ ತೆಗೆದು ಹೇಳಿದರು: "ಮೇಡಂ, ಫಲಕ ಹಾಕಿ, ನನ್ನದೇನೂ ಅಭ್ಯಂತರ ಇಲ್ಲ. ಆದರೆ ನಾಳೆ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆಧಾರ ಕೇಳಿದರೆ, ನಿಮ್ಮ ಅಜ್ಜಿಯ ಎಡೆಯನ್ನು ಲಗತ್ತಿಸಲು ಆಗುತ್ತದೆಯೇ?"

ಮನುಷ್ಯ ಸರಿಯಾಗಿಯೇ ಕೇಳಿದ್ದರು. ನೀವು ಯಾವ ಊರಿನವರಾದರೂ ಮೊದಲ ದಿನವೇ ಈ ಪ್ರಶ್ನೆ ಬರುತ್ತದೆ. ಬರದಿದ್ದರೆ ಅನುಮಾನಿಸಿ, ಏಕೆಂದರೆ ಆಧಾರ ಕೇಳದೆ ಒಪ್ಪುವವರು ಫಲಕವನ್ನು ಬೇರೆಯದೇ ಕೆಲಸಕ್ಕೆ ಬಳಸಿಕೊಳ್ಳುವವರು.

ಆಧಾರ ಎಂದರೆ ಕಂದಾಯ ದಾಖಲೆ ಎಂದು ನಮ್ಮ ಜನರಿಗೆ ಅಭ್ಯಾಸವಾಗಿ ಹೋಗಿದೆ. ಹಾಗಾಗಿ ಒಂದು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಬಿತ್ತು. ನಕಲು ಶುಲ್ಕ ಕಟ್ಟಿ, ರಸೀದಿ ಹಿಡಿದು, ವಾರ ಬಿಟ್ಟು ವಾರ ಹೋದದ್ದಕ್ಕೆ ಕೊನೆಗೆ ಬಂದದ್ದು "ಕಡತ ಲಭ್ಯವಿರುವುದಿಲ್ಲ" ಎಂಬ ಹಿಂಬರಹ. ಅಲ್ಲಿ ಸಿಗುವಂಥದ್ದು ಇರಲೂ ಸಾಧ್ಯವಿರಲಿಲ್ಲ. ಮೈಸೂರು ಸಂಸ್ಥಾನದ ಕಂದಾಯ ಸರ್ವೆ ಶುರುವಾದದ್ದೇ 1863ರಲ್ಲಿ. ದುರ್ಗ ಬಿದ್ದು ಅಷ್ಟೊತ್ತಿಗೆ 84 ವರ್ಷ. ಸರ್ವೆ ನಂಬರಿನ ಹಿಂದೆ ಬಿದ್ದು 1779ಕ್ಕೆ ತಲುಪಲು ಆಗುವುದಿಲ್ಲ ಎಂದು ನಾನು ಪಿಡಿಒಗೆ ಹೇಳಿದ್ದೆ. ಅವರಿಗೆ ಆ ಹಿಂಬರಹ ಕಡತಕ್ಕೆ ಬೇಕಿತ್ತು. ನಿಮ್ಮಲ್ಲೂ ಕೇಳಿದರೆ ವಾದಕ್ಕೆ ಇಳಿಯದೆ ಒಂದು ಅರ್ಜಿ ಹಾಕಿ, ಹಿಂಬರಹ ತಂದು ಕೊಟ್ಟುಬಿಡಿ.

ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಹೋದೆ. ಶಾಲೆಯ ಮುಖ್ಯಸ್ಥರ ಪತ್ರ, ಗುರುತಿನ ಚೀಟಿಯ ನಕಲು, ಫೋಟೊ ಇಟ್ಟುಕೊಂಡು ಹೋದರೆ ಕೆಲಸ ಸಲೀಸು. ಸಂಶೋಧನೆಯ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು ಹೋಗಿ, ಅಲ್ಲಿ ನಿಂತು ಯೋಚಿಸಬೇಡಿ. ಅಲ್ಲಿನ ಮೈಸೂರು ಕಡತಗಳು ಬಹುಪಾಲು 1799ರ ನಂತರದವು. ಹೈದರ್ ಮತ್ತು ಟಿಪ್ಪುವಿನ ಕಾಲದ ಕಾಗದಪತ್ರಗಳ ಗತಿ ಬೇರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಾಲಯವೇ ಹಂಚಿಹೋಗಿ ಒಂದು ಪಾಲು ಕೋಲ್ಕತ್ತಾ, ಇನ್ನೊಂದು ಪಾಲು ಲಂಡನ್ ಸೇರಿತು. ಹೊತ್ತೊಯ್ದ ಹುಡುಗರ ಹಾಜರಿ ಪಟ್ಟಿಯಂಥದ್ದು ಯಾವುದೂ ನನ್ನ ಕೈಗೆ ಸಿಗಲಿಲ್ಲ. ಕಂಪನಿ ಸರ್ಕಾರದ ಸರ್ವೆ ಅಧಿಕಾರಿ ಕರ್ನಲ್ ಮೆಕೆಂಜಿ ಊರೂರಿನಿಂದ ಬರೆಸಿಕೊಂಡ ಕೈಫಿಯತ್ತುಗಳಲ್ಲಿ, ಅಂದರೆ ಸ್ಥಳೀಯ ಚರಿತ್ರೆಗಳಲ್ಲಿ, ದುರ್ಗದ ಪಾಳೆಯಗಾರರ ಕಥೆ ಇದೆ. ಅವನ್ನು ನೋಡಲು ಚೆನ್ನೈಗೆ ಹೋಗುವ ಮೊದಲು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿದ ಸಂಪುಟವನ್ನು ಹತ್ತಿರದ ಯಾವುದಾದರೂ ಕಾಲೇಜು ಗ್ರಂಥಾಲಯದಲ್ಲಿ ಹುಡುಕಿ. ರೈಲಿನ ಖರ್ಚು ಉಳಿಯುತ್ತದೆ.

ನಿಜವಾದ ಆಧಾರ ಸಿಕ್ಕಿದ್ದು ಮನೆಯಲ್ಲಿ ಕುಳಿತು, ಕಂಪ್ಯೂಟರಿನ ಮುಂದೆ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ (ಕಂಪನಿಯ ಪ್ರತಿನಿಧಿ) ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ದಕ್ಷಿಣ ಭಾರತದ ಚರಿತ್ರೆ 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ಬಂದಿತು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1870ರ ದಶಕದ ಕೊನೆಯದು. ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತವೆ. ಈಗಿನ ಕಾಗುಣಿತದಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. 'ಚಿತ್ತಲ್‌ಡ್ರೂಗ್' ಎಂದು ಇಂಗ್ಲಿಷಿನಲ್ಲಿ ಎಷ್ಟು ವಿಧವಾಗಿ ಬರೆಯಬಹುದೋ ಅಷ್ಟನ್ನೂ ಹಾಕಿ ನೋಡಿ. ಬೇಡರನ್ನು 'ಬೇಡರ್' ಎಂದು ರಕಾರಾಂತ ಮಾಡಿದ್ದಾರೆ.

ವಿಲ್ಕ್ಸ್ ಹೇಳುವುದು ಇಷ್ಟು. ವರ್ಷಗಟ್ಟಲೆ ದುರ್ಗಕ್ಕೆ ಬಡಿದಾಡಿದ ಹೈದರ್ ಅಲಿ 1779ರಲ್ಲಿ, ದುರ್ಗದ ಪಾಳೆಯಗಾರ ಮದಕರಿ ನಾಯಕನ ಸೇವೆಯಲ್ಲೇ ಇದ್ದ ಮುಸಲ್ಮಾನ ಸಿಪಾಯಿಗಳನ್ನು ಒಳಗೊಳಗೇ ಒಲಿಸಿಕೊಂಡು ಕೋಟೆ ಹಿಡಿದ. ನಾಯಕನನ್ನು ಕುಟುಂಬ ಸಮೇತ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಕಳಿಸಿದ. ಕೋಟೆ ಬಿದ್ದರೂ ಬೇಡರ ನಿಷ್ಠೆ ನಾಯಕನಿಂದ ಕದಲಲಿಲ್ಲ. ಈ ಜನ ಇಲ್ಲಿರುವವರೆಗೆ ಸೀಮೆ ತನ್ನದಾಗದು ಎಂದು ತಿಳಿದ ಹೈದರ್ ಸುಮಾರು 20,000 ಜನರನ್ನು ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಬೇರೆ ಮಾಡಿ, ಇಸ್ಲಾಮಿಗೆ ಸೇರಿಸಿ, ಚೇಲಾ ಪಡೆಗಳೆಂಬ ಸೈನ್ಯ ಕಟ್ಟಿದ. ಈ ಪಡೆಗಳನ್ನು ಟಿಪ್ಪು ಮುಂದೆ ಇನ್ನೂ ದೊಡ್ಡದು ಮಾಡಿದ.

ಇಲ್ಲಿಂದ ಅಲ್ಲಿಗೆ ಇನ್ನೂರು ಕಿಲೋಮೀಟರಿಗೂ ಮೇಲೆ. ನಡೆದು ಹೋಗಬೇಕು. ಇದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಆಧಾರದ ವಿಷಯದಲ್ಲಿ ಒಂದು ಎಚ್ಚರ ಬೇಕು. ರೈಸ್ ಹೇಳುವುದು ಬಹುಮಟ್ಟಿಗೆ ವಿಲ್ಕ್ಸ್‌ನನ್ನು ಅನುಸರಿಸಿ. ಆಮೇಲಿನವರು ಹೇಳುವುದು ರೈಸ್‌ರನ್ನು ಅನುಸರಿಸಿ. ಮೂರು ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ಮೂರು ಸಾಕ್ಷಿ ಆಗುವುದಿಲ್ಲ. ವಿಲ್ಕ್ಸ್ ಹೈದರನ ಶತ್ರುಪಕ್ಷದವನು ಎಂಬುದನ್ನೂ ಮರೆಯುವ ಹಾಗಿಲ್ಲ. ಅದಕ್ಕೇ ನಾನು ಬೇರೆ ದಿಕ್ಕಿನ ಸಾಕ್ಷಿ ಹುಡುಕಿದೆ. ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಸಿಕ್ಕಿದ. ಹ್ಯಾನಿಬಾಲ್ ಎಂಬ ಹಡಗಿನಲ್ಲಿದ್ದವನನ್ನು 1782ರಲ್ಲಿ ಫ್ರೆಂಚರು ಸೆರೆ ಹಿಡಿದು ಹೈದರನ ಕೈಗೆ ಕೊಟ್ಟರು. ಅವನಂಥ ಹುಡುಗರನ್ನು ಆರಿಸಿ, ತಲೆ ಬೋಳಿಸಿ, ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಕವಾಯತು ಕಲಿಸಿ ಚೇಲಾ ಪಡೆಗೆ ಹಾಕಿದ್ದನ್ನು ಅವನ ಕಥನ ಹೇಳುತ್ತದೆ. ಅದು 1824ರಲ್ಲಿ ಅಚ್ಚಾಯಿತು. ಅವನು ತಪ್ಪಿಸಿಕೊಂಡು ಊರು ಸೇರಿದ, ಅವನ ಮಾತನ್ನು ಬರೆದುಕೊಳ್ಳುವವರಿದ್ದರು, ಪುಸ್ತಕವಾಯಿತು. ನಮ್ಮ ಹಟ್ಟಿಯ ಹುಡುಗರಿಗೆ ಆಗಿದ್ದೂ ಹೆಚ್ಚುಕಡಿಮೆ ಅದೇ ಇರಬೇಕು. ಅವರಲ್ಲಿ ಒಬ್ಬನೂ ಪುಸ್ತಕ ಬರೆಯಲಿಲ್ಲ.

ಅದೇ ವಿಲ್ಕ್ಸ್‌ನ ಪುಟಗಳಲ್ಲಿ ನಮ್ಮವರು ಓದಲು ಇಷ್ಟಪಡದ ಸಂಗತಿಯೂ ಇದೆ. ಮುತ್ತಿಗೆಯ ಕಾಲದಲ್ಲಿ ಬೇಡರು ಕಾಳಿಗೆ ಪೂಜೆ ಮಾಡಿ, ಕೊಂಬು ಊದಿ ಹೊರಗೆ ನುಗ್ಗಿ, ಶತ್ರುಗಳ ತಲೆ ಕಡಿದು ತಂದು ದೇವಿಗೆ ಒಪ್ಪಿಸುತ್ತಿದ್ದರಂತೆ. ಕೋಟೆ ಬಿದ್ದಾಗ ಗುಡಿಯ ಮುಂದೆ 2,000 ತಲೆಗಳು ಸಣ್ಣ ಸಣ್ಣ ಗೋಪುರಗಳಾಗಿ ಜೋಡಿಸಿದ್ದವಂತೆ. ಈ ಪುಟದ ಜೆರಾಕ್ಸ್ ಕಡತದಲ್ಲಿ ಬೇಡ ಎಂದು ನನ್ನ ದೊಡ್ಡಪ್ಪ ಹಟ ಹಿಡಿದರು. "ಒಂದು ಪುಟ ನಂಬುತ್ತೇವೆ, ಅದರ ಪಕ್ಕದ ಪುಟ ನಂಬುವುದಿಲ್ಲ ಎನ್ನಲು ಆಗುತ್ತದೆಯೇ ದೊಡ್ಡಪ್ಪ?" ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು. ನಮ್ಮ ಪಾಳೆಯಗಾರರೂ ಅಕ್ಕಪಕ್ಕದ ಸೀಮೆಗಳನ್ನು ಸುಲಿದವರೇ. ತಲೆ ಕಡಿದವರ ಊರಿನ ಮಕ್ಕಳು ಎಂಬ ಕಾರಣಕ್ಕೆ ಹತ್ತು ವರ್ಷದ ಹುಡುಗನ ಪಾಲಿಗೆ ಬಂದದ್ದು ಹಗುರಾಗುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ದುರ್ಗ ಗೆದ್ದ ಮೇಲೆ ಹೈದರ್ ಅದರ ಆಡಳಿತವನ್ನು ಕೊಟ್ಟದ್ದು ಶೇಖ್ ಅಯಾಜ್ ಎಂಬವನಿಗೆ. ಯಾರು ಇವನು? ಮಲಬಾರಿನ ನಾಯರ್ ಹುಡುಗ. ಹೈದರ್ ಅಲ್ಲಿಂದ ಎಬ್ಬಿಸಿಕೊಂಡು ಬಂದ ಸೆರೆಯಾಳುಗಳ ನಡುವೆ ಇದ್ದವನು, ಮುಖಲಕ್ಷಣ ನೋಡಿ ಒಡೆಯ ಮೆಚ್ಚಿ ಸಾಕಿದವನು. ಓದುಬರಹ ಬಾರದಿದ್ದರೂ ಮುಂದೆ ಬಿದನೂರಿನ ಅಧಿಕಾರವೂ ಅವನಿಗೇ ಬಂತು. ಮಕ್ಕಳನ್ನು ಕಳೆದುಕೊಂಡ ದುರ್ಗವನ್ನು ಆಳಲು ಕೂತವನು ತಾನೂ ಎಳೆಯದರಲ್ಲೇ ಹೊತ್ತು ತಂದ ಹುಡುಗ. ಹೀಗೆ ತಂದವರೆಲ್ಲ ಸರಪಳಿಯಲ್ಲಿ ಕೊಳೆತರು ಎಂದು ಬರೆಯಲು ಹೊರಟವರಿಗೆ ಅಯಾಜ್ ಅಡ್ಡ ಬರುತ್ತಾನೆ. ಕೆಲವರು ಮೇಲೆ ಬಂದರು. ಬಂದರೂ ಅವರನ್ನು ಯಾರೂ ಕೇಳಿ ಕರೆತಂದಿರಲಿಲ್ಲ.

ಪುಸ್ತಕದ ಆಧಾರ ಒಂದು ಕಡೆಯಾದರೆ ಬಾಯಿಮಾತಿನದು ಇನ್ನೊಂದು. ನಮ್ಮ ಕುಲದ ಮುಖ್ಯ ನೆಲೆಯಾದ ಕಟ್ಟೆಮನೆಯ ಯಜಮಾನರನ್ನು ನೋಡಲು ಹೋಗುವುದಾದರೆ ಎಲೆ ಅಡಿಕೆ ಒಯ್ಯಿರಿ, ಮೊಬೈಲನ್ನು ಮೊದಲೇ ಮೂಗಿನ ಮುಂದೆ ಹಿಡಿಯಬೇಡಿ, ದೇವರ ಎತ್ತುಗಳು ಗೂಡಿಗೆ ಬರುವ ಹೊತ್ತಿಗೆ ಹೋಗಲೇಬೇಡಿ. ಮಧ್ಯಾಹ್ನ ಹೋದೆ. ಅಜ್ಜ ಕಣ್ಣು ಮುಚ್ಚಿಕೊಂಡು ನಮ್ಮ ಬೆಡಗಿನ (ಕುಲದ ಒಳಶಾಖೆಯ) ಹಿರಿಯರ ಹೆಸರು ಹೇಳಿಕೊಂಡು ಹೋದರು, ಬೆರಳಿನ ಗೆಣ್ಣು ಎಣಿಸುತ್ತ. ಏಳನೆಯ ಗೆಣ್ಣಿಗೆ ಹೆಬ್ಬೆರಳು ನಿಂತಿತು.

"ಅದರ ಹಿಂದೆ ಯಾರು ಅಜ್ಜಾ?"

"ಅದರ ಹಿಂದೆ ಇಲ್ಲ ತಾಯಿ. ದನ ಹೊಡೆದುಕೊಂಡು ಕಾಡು ಸೇರಿದವನು ಒಬ್ಬ ಉಳಿದ, ಅವನಿಂದ ನಾವು. ಅವನ ಅಣ್ಣತಮ್ಮಂದಿರು ಪಟ್ಟಣಕ್ಕೆ ಹೋದರು."

ಒಂದು ತಲೆಮಾರಿಗೆ ಮೂವತ್ತು ವರ್ಷ ಹಿಡಿದು ಲೆಕ್ಕ ಹಾಕಿ ನೋಡಿ, ಏಳು ತಲೆಮಾರು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು. ಇದು ದಾಖಲೆ ಅಲ್ಲ, ಫಲಕಕ್ಕೆ ಬಳಸಲೂ ಇಲ್ಲ. ಆದರೆ ಅಕ್ಕಪಕ್ಕದ ಹಟ್ಟಿಗಳ ವಂಶಾವಳಿಗಳೂ ಎಲ್ಲಿ ನಿಲ್ಲುತ್ತವೆ ಎಂದು ಯಾರಾದರೂ ಕೂತು ಬರೆದುಕೊಳ್ಳಬೇಕು. ಹೇಳುವ ಅಜ್ಜಂದಿರು ಹೆಚ್ಚು ಕಾಲ ಇರುವವರಲ್ಲ.

ಶ್ರೀರಂಗಪಟ್ಟಣಕ್ಕೆ ಹೋಗುವುದು ಕಡತದ ಲೆಕ್ಕದಲ್ಲಿ ಬೇಕಿರಲಿಲ್ಲ. ಹೋದೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲೆ, ಇಂಗ್ಲಿಷರ ವಿರುದ್ಧ ನಡೆದ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ದುರ್ಗ ಬಿದ್ದ ಮರುವರ್ಷದ ಯುದ್ಧ. ಹೈದರ್, ಟಿಪ್ಪು ಮೆರವಣಿಗೆ ಹೊರಟ ಹಾಗೆ ಕುಳಿತಿದ್ದಾರೆ. ಹಿಂದೆ ಮುಂದೆ ಸಾಲು ಸಾಲು ಸಿಪಾಯಿಗಳು, ಅಚ್ಚು ಒತ್ತಿದ ಹಾಗೆ ಎಲ್ಲರದ್ದೂ ಒಂದೇ ಮುಖ. ಮೀಸೆ ಇಲ್ಲದ ಮುಖ ಯಾವುದಾದರೂ ಇದೆಯೇ ಎಂದು ಹುಡುಕುತ್ತ ನಿಂತಿದ್ದೆ. ಕಾವಲಿನವರು ಗೋಡೆಯಿಂದ ಹಿಂದೆ ಸರಿಯಲು ಹೇಳಿದರು.

ಅಲ್ಲಿಂದ ಗಂಜಾಂಗೆ ನಡೆದೆ. ಆ ಪೇಟೆಯೇ ಹೀಗೆ ಎಬ್ಬಿಸಿ ತಂದವರದು. ಶಿರಾದಿಂದ 12,000 ಕುಟುಂಬಗಳನ್ನು ತಂದು ಅಲ್ಲಿ ನೆಲೆ ನಿಲ್ಲಿಸಿದರು ಎಂದು ಗೆಜೆಟಿಯರ್ ಹೇಳುತ್ತದೆ. ಚಹಾದಂಗಡಿಯಲ್ಲಿ ಪಕ್ಕ ಕುಳಿತಿದ್ದ ಬಿಳಿಗಡ್ಡದ ಹಿರಿಯರೊಬ್ಬರು ಯಾವ ಊರು ಎಂದು ಕೇಳಿದರು. ಚಿತ್ರದುರ್ಗದ ಕಡೆ ಎಂದೆ. "ನಮ್ಮ ತಾತನ ತಾತನೂ ದುರ್ಗದ ಕಡೆಯವರೇ ಅಂತೆ ಅಮ್ಮ, ದಂಡಿನಲ್ಲಿದ್ದರಂತೆ" ಎಂದರು. ಅದಕ್ಕೆ ಕಾಗದವಿಲ್ಲ, ಕೇಳಲೂ ಇಲ್ಲ. ಹಾಗೆ ಹೇಳಿಕೊಳ್ಳುವ ಮನೆಗಳು ಅಲ್ಲಿ ಇನ್ನೂ ಇವೆಯೇ ಎಂದು ವಿಚಾರಿಸಿದಾಗ ನಕ್ಕರು: "ಯಾರಿಗೆ ಗೊತ್ತು? ಎಲ್ಲರೂ ಎಲ್ಲಿಂದಲೋ ಬಂದವರೇ." ನನ್ನ ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಆ ಭೇಟಿ ಉಪಯೋಗಕ್ಕೆ ಬಂದದ್ದು ಗ್ರಾಮಸಭೆಯಲ್ಲಿ. ಇಂಥ ವಿಷಯ ಎತ್ತುವವರು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಬೇಕು. ಒಂದು ಗುಂಪಿಗೆ ಫಲಕದಲ್ಲಿ ಬೈಗುಳ ಬೇಕಿತ್ತು, ದಪ್ಪಕ್ಷರದಲ್ಲಿ, ಕೆಂಪು ಬಣ್ಣದಲ್ಲಿ. ಇನ್ನೊಂದು ಗುಂಪಿಗೆ ಫಲಕವೇ ಬೇಡ, ಇರುವ ಶಾಂತಿ ಕೆಡುತ್ತದೆ ಎಂಬ ಭಯ. ಮೂರನೆಯವರು "ಯುದ್ಧ ಎಂದ ಮೇಲೆ ಇವೆಲ್ಲ ಇದ್ದದ್ದೇ, ಇನ್ನೂರ ನಲವತ್ತು ವರ್ಷದ ಹಿಂದಿನದನ್ನು ಯಾಕೆ ಕೆದಕಬೇಕು" ಎಂದರು.

ಮೊದಲ ಗುಂಪಿಗೆ ನಾನು ಕೇಳಿದ್ದು ಇಷ್ಟೇ: "ಆ ಹುಡುಗರ ಮರಿಮಕ್ಕಳು ಈಗ ಯಾರಾಗಿದ್ದಾರೆ ಎಂದುಕೊಂಡಿದ್ದೀರಿ? ನೀವು ಯಾರನ್ನು ಬೈಯಬೇಕೆನ್ನುತ್ತೀರೋ ಅವರಲ್ಲೇ ನಮ್ಮ ಮನೆಯ ಹುಡುಗರ ರಕ್ತವಿದೆ. ಎಡೆ ಇಡುವುದು ಅವರಿಗೇ, ಬೈಯುವುದೂ ಅವರನ್ನೇ?" ಸ್ವಲ್ಪ ಹೊತ್ತು ಗದ್ದಲ ನಿಂತಿತು. ಪೂರ್ತಿ ಒಪ್ಪಿದರು ಎಂದು ಹೇಳಲಾರೆ.

ಮೂರನೆಯವರ ಮಾತಿಗೆ ಉತ್ತರ ಉದ್ದ. 1779ರಲ್ಲಿ ಇದನ್ನು ತಪ್ಪೆನ್ನುವ ಕಾನೂನು ಇರಲಿಲ್ಲ. ಮಲಬಾರಿನಲ್ಲಿ ಆಯಿತು, ಇಲ್ಲಿ ಆಯಿತು, ಆಮೇಲೆ ಕೊಡಗಿನಲ್ಲಿ, 1784ರಲ್ಲಿ ಮಂಗಳೂರಿನ ಕ್ರೈಸ್ತರಿಗೆ ಆಯಿತು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಪೋಲೆಂಡಿನ ಮಕ್ಕಳನ್ನು ಕೂದಲು, ಕಣ್ಣಿನ ಬಣ್ಣ ನೋಡಿ ಆರಿಸಿ ಜರ್ಮನ್ ಮನೆಗಳಿಗೆ ಹಂಚಿದ ಮೇಲೆ ಜಗತ್ತು ಎಚ್ಚೆತ್ತಿತು. 1948ರ ನರಮೇಧ ವಿರೋಧಿ ಒಪ್ಪಂದದಲ್ಲಿ, ಒಂದು ಜನಾಂಗವನ್ನು ಇಲ್ಲವಾಗಿಸುವ ಉದ್ದೇಶದಿಂದ ಅದರ ಮಕ್ಕಳನ್ನು ಬಲವಂತದಿಂದ ಇನ್ನೊಂದು ಗುಂಪಿಗೆ ವರ್ಗಾಯಿಸುವುದನ್ನೂ ನರಮೇಧದ ಸಾಲಿಗೆ ಸೇರಿಸಿದರು. ಮರುವರ್ಷದ ನಾಲ್ಕನೆಯ ಜಿನೀವಾ ಒಪ್ಪಂದದ 49ನೆಯ ವಿಧಿ ಆಕ್ರಮಿತ ಪ್ರದೇಶದಿಂದ ಜನರನ್ನು ಬಲವಂತವಾಗಿ ಸಾಗಿಸುವುದನ್ನು ನಿಷೇಧಿಸಿತು. ಇದ್ದದ್ದೇ ಎನ್ನುವಂತಿದ್ದರೆ ಇಷ್ಟು ಕಾನೂನು ಯಾಕೆ ಬೇಕಿತ್ತು?

ಜನರನ್ನು ಹಿಡಿದು ನಿಲ್ಲಿಸಿದ್ದು ಕಾನೂನಿನ ಮಾತಲ್ಲ, ಉಕ್ರೇನಿನ ಅಮ್ಮಂದಿರ ಮಾತು. ಸಾಗಿಸಿದ ಮಕ್ಕಳಲ್ಲಿ 19,000ಕ್ಕೂ ಹೆಚ್ಚು ಮಂದಿಯನ್ನು ಅಲ್ಲಿನ ಸರ್ಕಾರ ಗುರುತಿಸಿ ಪಟ್ಟಿ ಮಾಡಿದೆ. ಕೆಲವು ಅಮ್ಮಂದಿರು, ಅಜ್ಜಿಯರು ಜನನ ಪತ್ರ ಕೈಯಲ್ಲಿ ಹಿಡಿದು, ಬರಲಾಗದ ನೆರೆಯವರಿಂದ ಅಧಿಕಾರ ಪತ್ರವನ್ನೂ ಬರೆಸಿಕೊಂಡು, ನೇರ ದಾರಿ ಇಲ್ಲದ್ದರಿಂದ ಪೋಲೆಂಡ್, ಬೆಲಾರುಸ್ ಸುತ್ತಿ ರಷ್ಯಾ ಹೊಕ್ಕು ಮಕ್ಕಳನ್ನು ಕರೆತಂದರು. ನಿನ್ನನ್ನು ಮನೆಯವರು ಬಿಟ್ಟುಬಿಟ್ಟಿದ್ದಾರೆ ಎಂದು ಅಲ್ಲಿ ಕೇಳಿಸಿಕೊಂಡ ಮಕ್ಕಳೂ ಇದ್ದರು. ಹೋಗಿ ಕೇಳಲು ಅಮ್ಮಂದಿರ ಹತ್ತಿರ ಹೆಸರಿತ್ತು, ಹುಟ್ಟಿದ ದಿನಾಂಕವಿತ್ತು, ಮುದ್ರೆ ಬಿದ್ದ ಕಾಗದವಿತ್ತು. ನಮ್ಮ ಹತ್ತಿರ 20,000 ಎಂಬ ಒಂದು ಸಂಖ್ಯೆ ಇದೆ, ಅದೂ ಪರದೇಶಿ ಬರೆದುಕೊಟ್ಟದ್ದು. ಮುದುಕಿಯರ ಕಡೆಯಿಂದ ಯಾರೋ "ಹೌದಲ್ಲ" ಎಂದರು. ಠರಾವಿಗೆ ಅಲ್ಲೇ ಕೈ ಎತ್ತಿಸಿದೆವು. ನಡಾವಳಿಯ ನಕಲನ್ನು ಅದೇ ವಾರ ಕೇಳಿ ಪಡೆಯಿರಿ, ತಡವಾದರೆ ವಾಕ್ಯಗಳು ಬದಲಾಗುವುದುಂಟು.

ಶಾಲೆಯ ಗೋಡೆ ಶಿಕ್ಷಣ ಇಲಾಖೆಯದು. ಎಸ್‌ಡಿಎಂಸಿ ಒಪ್ಪಿಗೆಯ ಜೊತೆಗೆ ಮೇಲಿನ ಕಚೇರಿಯ ಅನುಮತಿಯೂ ಬೇಕು. ಅಲ್ಲಿ ಕಡತ ಮಲಗಿತು. ಒಬ್ಬರು ರಜೆ, ಇನ್ನೊಬ್ಬರಿಗೆ ಚುನಾವಣೆ ಕೆಲಸ, ಮತ್ತೊಬ್ಬರಿಗೆ 'ವಿವಾದಾತ್ಮಕ ಅಂಶ' ಎಂಬ ಅನುಮಾನ. ಕೊನೆಗೆ ಇ-ಸ್ಟಾಂಪ್ ಕಾಗದದ ಮೇಲೆ, ಫಲಕದ ಒಕ್ಕಣೆಗೆ ನಾವೇ ಜವಾಬ್ದಾರರು ಎಂದು ಮುಚ್ಚಳಿಕೆ ಬರೆದುಕೊಟ್ಟೆವು, ನೋಟರಿ ಸಹಿಯೊಂದಿಗೆ. ಅದನ್ನು ಮೊದಲೇ ಕೊಟ್ಟಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿತ್ತು, ಆದರೆ ಮೊದಲು ಅದನ್ನು ಯಾರೂ ಕೇಳಲೇ ಇಲ್ಲ. ಪಂಚಾಯಿತಿ ಜಾಗದಲ್ಲಿ, ಬಸ್ ನಿಲ್ದಾಣದ ಪಕ್ಕವೋ ಅರಳಿಕಟ್ಟೆಯ ಹತ್ತಿರವೋ ಹಾಕುವುದಾದರೆ ಈ ಒಂದು ಕಂಟಕ ತಪ್ಪುತ್ತದೆ. ಮಕ್ಕಳ ವಿಷಯ ಮಕ್ಕಳಿರುವ ಕಡೆಯೇ ಇರಲಿ ಎಂದು ನಾವು ಹಟ ಬಿಡಲಿಲ್ಲ.

ಒಕ್ಕಣೆ ಹೀಗಿದೆ: "1779ರಲ್ಲಿ ಚಿತ್ರದುರ್ಗ ಹೈದರ್ ಅಲಿಯ ವಶವಾದ ನಂತರ ಈ ಸೀಮೆಯ ಸುಮಾರು 20,000 ಬೇಡ ಜನರನ್ನು ಬಲವಂತವಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂದೂ ಅವರ ಗಂಡುಮಕ್ಕಳನ್ನು ಮತಾಂತರಿಸಿ ಚೇಲಾ ಪಡೆಗಳಿಗೆ ಸೇರಿಸಲಾಯಿತೆಂದೂ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾರೆ. ಆ ಮಕ್ಕಳಲ್ಲಿ ಒಬ್ಬರ ಹೆಸರೂ ನಮಗೆ ದೊರೆತಿಲ್ಲ. ಅವರು ಈ ಹಟ್ಟಿಗಳ ಮಕ್ಕಳು. ಅವರ ಸಂತತಿ ಎಲ್ಲಿದ್ದರೂ ನಮ್ಮವರು." ಕೊನೆಯ ವಾಕ್ಯಕ್ಕೆ ಸಹಿ ಹಾಕಲು ಇಬ್ಬರು ಸದಸ್ಯರು ಒಪ್ಪಲಿಲ್ಲ. ಬಹುಮತದಿಂದ ಉಳಿಯಿತು.

ಚಿತ್ರದುರ್ಗದಲ್ಲಿ ಕಲ್ಲು ಕೆತ್ತುವವರ ಹತ್ತಿರ ಹೋದಾಗ ಹೊಸ ವ್ಯಾಜ್ಯ. ಅವರ ದರ ಅಕ್ಷರಕ್ಕೆ ಇಷ್ಟು ಎಂದು. ಒತ್ತಕ್ಷರ ಬೇರೆ ಅಕ್ಷರವೋ ಅಲ್ಲವೋ? 'ಲ್ಕ್ಸ್' ತೋರಿಸಿ, "ಇದರಲ್ಲಿ ಮೂರಿವೆ ಅಕ್ಕ, ಮೂರಕ್ಕೂ ಉಳಿ ಬೇರೆ ಬೇರೆ ಹೊಡೆಯಬೇಕು" ಎಂದರು. ಸಾಹೇಬನ ಹೆಸರು ತೆಗೆದರೆ ದುಡ್ಡು ಉಳಿಯುತ್ತದೆ ಎಂದು ತಮ್ಮ ಕಿಸಕ್ಕನೆ ನಕ್ಕ. ತೆಗೆಯಲಿಲ್ಲ, ಯಾರು ಹೇಳಿದ್ದು ಎಂದು ಕಲ್ಲೇ ಹೇಳಬೇಕು. ಕೊನೆಗೆ ಒತ್ತಿಗೆ ಅರ್ಧ ದರ ಎಂದು ಒಪ್ಪಂದವಾಯಿತು. ಕೆತ್ತುವ ಮೊದಲು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ, ಮನೆಯ ಶಾಲಾ ಮಕ್ಕಳಿಂದ ಗಟ್ಟಿಯಾಗಿ ಓದಿಸಿ ನೋಡಿ. ದೊಡ್ಡವರ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಓದಿಬಿಡುತ್ತದೆ. ನಮ್ಮ ಕಲ್ಲಿನಲ್ಲಿ 'ಹಟ್ಟಿಗಳ' ಎಂಬುದರ ಟಕಾರಕ್ಕೆ ಒತ್ತು ಬಿಟ್ಟುಹೋದದ್ದನ್ನು ಹಿಡಿದವಳು ನಾಲ್ಕನೇ ತರಗತಿಯ ಹುಡುಗಿ.

ಕಲ್ಲು, ಕೆತ್ತನೆ, ಟೆಂಪೊ, ಸಿಮೆಂಟು, ನೋಟರಿ, ಓಡಾಟ, ಜೆರಾಕ್ಸ್ ಎಲ್ಲ ಸೇರಿ ಇಪ್ಪತ್ತೆಂಟು ಸಾವಿರದ ಹತ್ತಿರ ಬಂತು. ಪಂಚಾಯಿತಿ ಕೊಡುತ್ತೇನೆಂದ ಪಾಲಿನ ಬಿಲ್ಲು ಇನ್ನೂ ಪಾಸಾಗಿಲ್ಲ, ಆಗುತ್ತದೆ ಎಂದು ನಂಬಿ ಯಾರೂ ಸಾಲ ಮಾಡಬೇಡಿ.

ವಿಲ್ಕ್ಸ್, ರೈಸ್, ಸ್ಕರಿ ಪುಟಗಳು, ಕಂದಾಯದ ಹಿಂಬರಹ, ಗ್ರಾಮಸಭೆಯ ನಡಾವಳಿ, ಮುಚ್ಚಳಿಕೆಯ ಮಾದರಿ ಇರುವ ಒಂದು ಕಟ್ಟನ್ನು ನಮ್ಮ ಶಾಲೆಯ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಇಟ್ಟಿದ್ದೇವೆ. ಶಾಲೆಯ ವೇಳೆಯಲ್ಲಿ ಬಂದು ನೋಡಬಹುದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬಹುದು. ಕಟ್ಟನ್ನು ಮಾತ್ರ ಹೊರಗೆ ಕೊಡುವುದಿಲ್ಲ. ಒಮ್ಮೆ ಕೊಟ್ಟದ್ದಕ್ಕೆ ತಲೆಗಳ ಗೋಪುರದ ಪುಟ ಒಂದೇ ಬಿಟ್ಟು ಉಳಿದದ್ದೆಲ್ಲ ವಾಪಸು ಬಂತು. ಆ ಪುಟವನ್ನು ಮತ್ತೆ ಪ್ರಿಂಟ್ ತೆಗೆಸಿ ಸೇರಿಸಿದ್ದೇನೆ.